ಮೂಗು ಹಿಡಿದರೆ ಮುದ್ದೆ

ನನ್ನ ಬಿಳಿ ಶರ್ಟಿನ ಜೇಬಿನ ಕೆಳಗೆ ನಾಲ್ಕು ಕಂದು ಚುಕ್ಕೆಗಳು ಉಳಿದುಬಿಟ್ಟಿವೆ. ಮೂರು ಸಲ ತಣ್ಣೀರಿನಲ್ಲಿ ನೆನೆಸಿ ಉಜ್ಜಿದ ಹೆಂಡತಿ, "ಇನ್ನು ಇದು ಸ್ಕೂಟರ್ ಒರೆಸುವುದಕ್ಕೆ" ಎಂದು ತೀರ್ಪು ಕೊಟ್ಟಾಯಿತು. ಕಳೆದ ಭಾನುವಾರ ಬೆಳಗ್ಗೆಯವರೆಗೂ ಅದು ಮದುವೆ ಮುಂಜಿಗೆಂದೇ ಎತ್ತಿಟ್ಟ ಶರ್ಟು.

ಏಳು ತಿಂಗಳ ಹಿಂದೆ ಹೃದಯದ ರಕ್ತನಾಳಕ್ಕೊಂದು ಸ್ಟೆಂಟ್, ಅಂದರೆ ನಾಳ ಮುಚ್ಚದಂತೆ ಹಿಡಿದಿಡುವ ಪುಟ್ಟ ಜಾಲರಿ ಕೊಳವೆ, ಬಿದ್ದಿತು. ಅಂದಿನಿಂದ ಊಟದ ಮೇಲೆ ಎಲೆ ಅಡಿಕೆಯ ಬದಲು ಆಸ್ಪಿರಿನ್ 75 ಮಿಲಿಗ್ರಾಂ, ಕ್ಲೋಪಿಡೋಗ್ರೆಲ್ 75 ಮಿಲಿಗ್ರಾಂ. ಎಲ್ಲರೂ ಇವನ್ನು ರಕ್ತ ತೆಳು ಮಾಡುವ ಮಾತ್ರೆ ಎನ್ನುತ್ತಾರೆ. ಹಾಲಿಗೆ ನೀರು ಬೆರೆಸಿದ ಹಾಗೆ ಏನೋ ಆಗುತ್ತದೆಂದು ನಾನೂ ನಂಬಿದ್ದೆ. ಹಾಗೇನಿಲ್ಲವಂತೆ. ರಕ್ತ ಇದ್ದ ಹಾಗೇ ಇರುತ್ತದೆ. ಅದರೊಳಗೆ ಹೆಪ್ಪುಗಟ್ಟಿಸುವ ಕೆಲಸದ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಮಾತ್ರ ಆಸ್ತಿ ಭಾಗವಾದ ಮೇಲಿನ ಅಣ್ಣತಮ್ಮಂದಿರಂತೆ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಸ್ಟೆಂಟಿಗೆ ಬೇಕಾದದ್ದೂ ಅದೇ. ಕಷ್ಟವೆಲ್ಲ ಮೂಗಿಗೆ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ಹಲವು ಸಣ್ಣ ರಕ್ತನಾಳಗಳು ಬಂದು ಹೆಣೆದುಕೊಳ್ಳುವ ಜಾಗವೊಂದಿದೆ. ಮೇಲಿನ ಹೊದಿಕೆ ಈರುಳ್ಳಿಯ ಒಳಪೊರೆಯಷ್ಟೇ. ಚಳಿಗಾಲದ ಒಣಗಾಳಿ, ರಾತ್ರಿಯಿಡೀ ತಿರುಗುವ ಫ್ಯಾನು, ಮೇಲೊಂದು ಜೋರು ಸೀನು ಬಂದರೆ ಮುಗಿಯಿತು.

ನನಗೆ ಆ ಸೀನು ಬಂದದ್ದು ತುಮಕೂರಿನಲ್ಲಿ, ನೆಂಟರ ಗೃಹಪ್ರವೇಶದ ಎರಡನೆಯ ಪಂಕ್ತಿಯಲ್ಲಿ, ಎಲೆಗೆ ಒಬ್ಬಟ್ಟು ಬಿದ್ದು ಅದರ ಮೇಲೆ ತುಪ್ಪ ಇಳಿಯುತ್ತಿದ್ದ ಹೊತ್ತಿನಲ್ಲಿ.

ಹೀಗಾದರೆ ಏನು ಮಾಡಬೇಕೆಂದು ವೈದ್ಯರು ಹೇಳಿಕೊಟ್ಟಿದ್ದರು. ನೆಟ್ಟಗೆ ಕುಳಿತು ಸ್ವಲ್ಪ ಮುಂದಕ್ಕೆ ಬಾಗಬೇಕು. ಮೂಗಿನ ಮೆತ್ತನೆಯ ಭಾಗವನ್ನು ಹೆಬ್ಬೆರಳು ತೋರುಬೆರಳುಗಳಿಂದ ಬಿಗಿಯಾಗಿ ಹಿಡಿದು, ಬಾಯಲ್ಲಿ ಉಸಿರಾಡುತ್ತ, ಗಡಿಯಾರ ನೋಡಿಕೊಂಡು ಹತ್ತು ಹದಿನೈದು ನಿಮಿಷ ಬಿಡಬಾರದು. ನಿಂತಿತೇ ಎಂದು ನಡುನಡುವೆ ಬಿಟ್ಟು ನೋಡಲೂ ಬಾರದು. ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಎಂದ ಹಿರಿಯರು ಅರ್ಧ ಚಿಕಿತ್ಸೆಯನ್ನು ಆಗಲೇ ಹೇಳಿದ್ದರು. ಪಕ್ಕದ ಎಲೆಯಲ್ಲಿ ನನ್ನ ಷಡ್ಡಕರು ಕುಳಿತಿರುತ್ತಾರೆ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಷಡ್ಡಕರ ಲೋಕದಲ್ಲಿ ಇರುವುದು ಒಂದೇ ಕಾಯಿಲೆ, ಉಷ್ಣ. ಮೂಗಿನ ರಕ್ತಕ್ಕೆ ಒಂದೇ ಮದ್ದು, ತಲೆಯನ್ನು ಹಿಂದಕ್ಕೆ ಬಗ್ಗಿಸುವುದು. ಎಂಜಲಾಗದ ಎಡಗೈಯನ್ನು ನನ್ನ ಹಣೆಗಿಟ್ಟು ತಳ್ಳಿದರು. ಹಿಂದಕ್ಕೆ ಬಾಗಿದರೆ ರಕ್ತ ಗಂಟಲಿಗಿಳಿದು ಹೊಟ್ಟೆ ತೊಳಸುತ್ತದೆಂದು ಗೊತ್ತಿದ್ದ ನಾನು ಮುಂದಕ್ಕೆ ತಳ್ಳಿದೆ. ಅವರು ಹಿಂದಕ್ಕೆ, ನಾನು ಮುಂದಕ್ಕೆ. ಬಡಿಸುವ ಹುಡುಗ ತುಪ್ಪದ ಗಿಂಡಿ ಹಿಡಿದು ನಿಂತೇಬಿಟ್ಟ.

ಮೂಗು ಹಿಡಿದವನ ಬಾಯಲ್ಲಿ ಮಕಾರ ಬಕಾರವಾಗುತ್ತದೆ, ನಕಾರ ದಕಾರವಾಗುತ್ತದೆ. "ಮುಂದೆ, ಮುಂದೆ!" ಎಂದು ನಾನು ಕೂಗಿದ್ದು "ಬುದ್ದೆ, ಬುದ್ದೆ!" ಎಂದು ಹೊರಬಿತ್ತು.

"ಮುದ್ದೆಯೇ?" ಎಂದರು ಷಡ್ಡಕರು.

"ಅಲ್ಲ, ಬುದ್ದೆ!"

"ಏನಪ್ಪಾ, ಮುದ್ದೆ ಮಾಡಿಸಿದ್ದೀರಾ? ಇವರು ಕೇಳುತ್ತಿದ್ದಾರೆ."

ಬಡಿಸುವವನು ಅಡುಗೆಮನೆಗೆ ಓಡಿದ. ಅಲ್ಲಿಂದ ಅಡುಗೆ ಭಟ್ಟರೇ ಹೊರಬಂದು, ಒಬ್ಬಟ್ಟಿನ ಊಟದಲ್ಲಿ ಮುದ್ದೆ ಕೇಳುವ ಮಹಾನುಭಾವ ಯಾರೆಂದು ಸೌಟು ಹಿಡಿದು ನೋಡಿದರು. ಎದುರು ಸಾಲಿನ ಅಜ್ಜಿಯೊಬ್ಬರು "ಪಾಪ, ಕೊನೆಯಾಸೆಯೋ ಏನೋ" ಎಂದರು. ಇದು ಸಾಲದೆಂಬಂತೆ ಷಡ್ಡಕರು, "ಇವರು ತೆಗೆದುಕೊಳ್ಳುವುದು ಇಲಿ ಪಾಷಾಣ, ನಾನು ಮೊಬೈಲಿನಲ್ಲಿ ಓದಿದ್ದೇನೆ" ಎಂದು ಇಡೀ ಪಂಕ್ತಿಗೆ ತಿಳಿಸಿದರು. ಅವರು ಓದಿದ್ದು ವಾರ್ಫರಿನ್ ಬಗ್ಗೆ. ಅದು 1948ರಲ್ಲಿ ಇಲಿಗಳಿಗೆಂದು ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರಿಗೂ ಬಡ್ತಿ ಪಡೆದ ಔಷಧ. ನನ್ನದು ಅದಲ್ಲ. ಆದರೆ ಮೂಗು ಹಿಡಿದುಕೊಂಡು ಔಷಧಶಾಸ್ತ್ರ ವಿವರಿಸುವುದು ಹೇಗೆ?

ಹದಿನಾಲ್ಕನೆಯ ನಿಮಿಷಕ್ಕೆ ರಕ್ತ ನಿಂತಿತು. ಎಲೆ ಎತ್ತಿಯಾಗಿತ್ತು. ಒಬ್ಬಟ್ಟೂ ಹೋಯಿತು.

"ಎರಡು ದಿನ ಮಾತ್ರೆ ಬಿಟ್ಟುಬಿಡಿ" ಎಂದು ಷಡ್ಡಕರು ಕಾರಿನವರೆಗೂ ಬಂದು ಹೇಳಿದರು. ಶರ್ಟು ನೋಡಿಕೊಂಡಾಗ ನನಗೂ ಹಾಗನ್ನಿಸಿತ್ತು. ಬಿಟ್ಟರೂ ಮೂಗಿಗೆ ತಕ್ಷಣ ಲಾಭವಿಲ್ಲ. ಆಸ್ಪಿರಿನ್ ತಗುಲಿದ ಪ್ಲೇಟ್‌ಲೆಟ್ ತನ್ನ ಏಳರಿಂದ ಹತ್ತು ದಿನದ ಆಯುಸ್ಸು ಮುಗಿಯುವವರೆಗೂ ಹಾಗೆಯೇ ಇರುತ್ತದೆ. ವೈದ್ಯರನ್ನು ಕೇಳದೆ ಬಿಟ್ಟರೆ ಸ್ಟೆಂಟೇ ಕಟ್ಟಿಕೊಳ್ಳಬಹುದು. ಅಪ್ಪನಿಗೆ ಎದೆ ಹಿಡಿದ ರಾತ್ರಿ ಮನೆಯಲ್ಲಿ ಇಂಥ ಮಾತ್ರೆಯ ಹೆಸರೂ ಗೊತ್ತಿರಲಿಲ್ಲ. ಗ್ಯಾಸ್ ಎಂದುಕೊಂಡು ಬೀದಿ ಕೊನೆಯ ಅಂಗಡಿಯಿಂದ ಗೋಲಿ ಸೋಡಾ ತಂದುಕೊಟ್ಟವನು ನಾನೇ. ಅರ್ಧ ಕುಡಿದು, ಉಳಿದದ್ದನ್ನು ನೀನು ಕುಡಿ ಎಂದಿದ್ದರು.

ಸೋಮವಾರ ವೈದ್ಯರು ನೋಡಿ ಮಾತ್ರೆ ಮುಂದುವರಿಸಿ ಎಂದರು. ರಾತ್ರಿ ಹೊಳ್ಳೆಯೊಳಗೆ ಪೆಟ್ರೋಲಿಯಂ ಜೆಲ್ಲಿ ಸವರಿಕೊಳ್ಳಲು ಹೇಳಿದರು. ಹಚ್ಚುತ್ತಿದ್ದೇನೆ. ಮೂಗು ಸುಮ್ಮನಿದೆ.

ನಿನ್ನೆ ಸಂಜೆ ಷಡ್ಡಕರು ಬಂದರು, ಕೈಯಲ್ಲಿ ಸ್ಟೀಲ್ ಡಬ್ಬಿ. "ಪಾಪ, ಅಂದು ಅಷ್ಟು ಬಾಯಿಬಿಟ್ಟು ಕೇಳಿದಿರಿ, ಸಿಗಲಿಲ್ಲ" ಎಂದು ಮುಚ್ಚಳ ತೆಗೆದರು. ಎರಡು ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಏನು ಹೇಳಲಿ? ಮುರಿದು, ಅದ್ದಿ, ನುಂಗಿದೆ. ಖಾರ ನೆತ್ತಿಗೇರಿ ಮೂಗು ಸೋರತೊಡಗಿತು, ಬರೀ ನೀರು. ಒರೆಸಿಕೊಳ್ಳಲು ಕರವಸ್ತ್ರ ಹುಡುಕುವಷ್ಟರಲ್ಲಿ ಹಣೆಯ ಮೇಲೆ ಎಡಗೈಯೊಂದು ಬಂದು ಕುಳಿತಾಗಿತ್ತು.