ಅನುಭಾವದ ಪದ ಓದುಗನನ್ನು ಎಚ್ಚರಿಸಬಲ್ಲುದೇ?

ವಚನ, ತಮಿಳು ವೈಷ್ಣವ ಭಕ್ತರಾದ ಆಳ್ವಾರರ ಪಾಶುರ, ಕೀರ್ತನೆ, ತತ್ವಪದಗಳು ಅನುಭಾವಿಗಳ ಬಾಯಿಂದ ಬಂದವು ಎಂಬ ಬಗ್ಗೆ ಇಲ್ಲಿ ತಕರಾರಿಲ್ಲ. ಅವನ್ನು ಓದಿದವನಿಗೆ, ಕೇಳಿದವನಿಗೆ ಆಗುವುದೇನು ಎಂಬಲ್ಲಿ ತಕರಾರಿದೆ. ಪದವೇ ಅವನನ್ನು ಎಚ್ಚರಿಸುತ್ತದೆಯೋ, ಅಥವಾ ಎಚ್ಚರದ ರುಚಿಯನ್ನಷ್ಟೇ ತೋರಿಸಿ ಬಿಟ್ಟುಬಿಡುತ್ತದೆಯೋ? ಮೈಸೂರಿನಲ್ಲಿ ನೆಲೆಸಿರುವ ನಿವೃತ್ತ ಅಧ್ಯಾಪಕರೊಬ್ಬರು ಪರವಾಗಿಯೂ, ಅವರಲ್ಲಿ ಓದಿ ಈಗ ಮಂಡ್ಯದಲ್ಲಿ ಕನ್ನಡ ಕಲಿಸುತ್ತಿರುವವರೊಬ್ಬರು ವಿರೋಧವಾಗಿಯೂ ಬರೆದಿದ್ದಾರೆ.

ಪರ: ಪದವೇ ಎಚ್ಚರಿಸುತ್ತದೆ

ನನ್ನ ಅಜ್ಜಿ ಮೇಲುಕೋಟೆಯವರು. ಮಧ್ಯಾಹ್ನದ ಊಟ ಮುಗಿದ ಮೇಲೆ ಜಗಲಿಯಲ್ಲಿ ಎಲೆಯಡಿಕೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತು, ವೀಳ್ಯದೆಲೆಯ ತೊಟ್ಟು ಮುರಿದು, ಬೆನ್ನಿನ ನಾರು ತೆಗೆದು, ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಸುತ್ತಿದ್ದರು. ಮಡಿಸಿದ್ದನ್ನು ಬಾಯಿಗಿಡುವ ಮುನ್ನ ಅವರ ಕೈ ಒಂದು ಗಳಿಗೆ ತಡೆಯುತ್ತಿತ್ತು, ತುಟಿ ಸಣ್ಣಗೆ ಅಲುಗುತ್ತಿತ್ತು. ಅವರು ಹೇಳಿಕೊಳ್ಳುತ್ತಿದ್ದುದು ನಮ್ಮಾಳ್ವಾರರ ತಿರುವಾಯ್‌ಮೊಳಿಯ 1,102 ಪಾಶುರಗಳಲ್ಲಿ ಒಂದನ್ನು ಎಂದು ನನಗೆ ತಿಳಿದದ್ದು ಕಾಲೇಜಿನ ಓದು ಮುಗಿದ ಮೇಲೆ. ಉಣ್ಣುವ ಅನ್ನ, ಕುಡಿಯುವ ನೀರು, ಮೆಲ್ಲುವ ವೀಳ್ಯದೆಲೆ ಎಲ್ಲವೂ ಕಣ್ಣನೇ, ಎಂದರೆ ಕೃಷ್ಣನೇ, ಎಂದು ಹಲುಬುತ್ತ, ಕಣ್ಣಲ್ಲಿ ನೀರು ತುಂಬಿಕೊಂಡ ಮಗಳೊಬ್ಬಳನ್ನು ಕುರಿತು ತಾಯಿ ಆಡುವ ಮಾತು ಅದು.

ಅಜ್ಜಿ ವ್ಯಾಖ್ಯಾನ ಓದಿದವರಲ್ಲ, ಯೋಗ ಮಾಡಿದವರೂ ಅಲ್ಲ. ಆದರೆ ಬೆಟ್ಟದ ಮೇಲಿನ ಆ ಬೀದಿಗೆ ಸೌದೆಯ ಹೊರೆ ಹೊತ್ತು ಬರುತ್ತಿದ್ದ ಹೆಂಗಸಿಗೆ ಅವರು ತಾವು ಮಡಿಸಿದ ಎಲೆಯನ್ನು ಕೈಯಿಂದ ಕೈಗೇ ಕೊಡುತ್ತಿದ್ದರು. ಅಂದಿನ ಮಡಿಯ ಮನೆಯಲ್ಲಿ ಇದಕ್ಕೆ ಆಕ್ಷೇಪಣೆ ಬಂದಾಗ, ಎಲೆಯೇ ಕಣ್ಣನಾದ ಮೇಲೆ ಅದು ಯಾರ ಕೈಗೆ ಹೋದರೇನು ಎಂದು ಕೇಳಿದರಂತೆ. ಒಂದು ಪದ್ಯ ಒಬ್ಬ ಗೃಹಿಣಿಯ ಕೈಯನ್ನು ಕುಲದ ಗೆರೆಯಾಚೆಗೆ ಚಾಚಿಸಿತು. ಎಚ್ಚರವೆಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ಅರ್ಥವನ್ನು ನಾನು ಹುಡುಕುತ್ತಿಲ್ಲ.

ಮಾತು ಎಚ್ಚರಿಸಲಾರದು ಎನ್ನುವವರು ಸಾಮಾನ್ಯವಾಗಿ ತೈತ್ತಿರೀಯ ಉಪನಿಷತ್ತಿನ ‘ಯತೋ ವಾಚೋ ನಿವರ್ತಂತೇ’ ಎಂಬ ವಾಕ್ಯವನ್ನು ಮುಂದಿಡುತ್ತಾರೆ. ಮನಸ್ಸಿನೊಡನೆ ಮಾತುಗಳು ಬ್ರಹ್ಮವನ್ನು ಮುಟ್ಟಲಾರದೆ ಹಿಂದಿರುಗುತ್ತವೆ ಎಂಬುದು ನಿಜ. ಆದರೆ ಹಿಂದಿರುಗಬೇಕಾದರೆ ಮೊದಲು ಹೊರಟಿರಬೇಕು, ಬಹುದೂರ ಹೋಗಿರಬೇಕು. ಅಷ್ಟು ದೂರ ಹೋಗಿ ಬಂದ ಮಾತಿಗೂ ಅಂಗಡಿಬೀದಿಯ ಮಾತಿಗೂ ವ್ಯತ್ಯಾಸವಿಲ್ಲವೇ? ಅಲ್ಲಮನ ಒಂದು ವಚನವನ್ನೇ ನೋಡೋಣ. ‘ಎತ್ತಣ ಮಾಮರ ಎತ್ತಣ ಕೋಗಿಲೆ, ಎತ್ತಣಿಂದೆತ್ತ ಸಂಬಂಧವಯ್ಯಾ?’ ಎಂದು ಆತ ಮೊದಲು ಕೇಳುತ್ತಾನೆ. ಇದು ಕಣ್ಣು ಕಿವಿಗಳಿಗೆ ಸೇರಿದ ಸಂಬಂಧ, ಇದಕ್ಕೆ ಎಲ್ಲರೂ ತಲೆದೂಗುತ್ತಾರೆ. ಆಮೇಲೆ ಬೆಟ್ಟದ ನೆಲ್ಲಿಯ ಕಾಯಿಯನ್ನೂ ಸಮುದ್ರದೊಳಗಣ ಉಪ್ಪನ್ನೂ ತರುತ್ತಾನೆ. ಉಪ್ಪಿನಕಾಯಿಯ ಭರಣಿಯನ್ನು ನೋಡಿದ ಯಾರಿಗೂ ಈ ಸಂಬಂಧ ನಾಲಿಗೆಯ ಮೇಲೆಯೇ ಗೊತ್ತು: ಬೆಟ್ಟ ಮತ್ತು ಕಡಲು ಅಲ್ಲಿ ಒಂದೇ ರಸವಾಗಿ ಬೆರೆತಿವೆ, ಬೇರ್ಪಡಿಸಲು ಬರುವುದಿಲ್ಲ. ಆ ರುಚಿ ಬಾಯಲ್ಲಿ ಊರುತ್ತಿರುವಾಗಲೇ ಅಲ್ಲಮ ಗುಹೇಶ್ವರಲಿಂಗಕ್ಕೂ ನಮಗೂ ಎತ್ತಣಿಂದೆತ್ತ ಸಂಬಂಧವೆಂದು ಕೇಳಿ ಸುಮ್ಮನಾಗುತ್ತಾನೆ. ಉತ್ತರವನ್ನು ಆತ ಕೊಡುವುದಿಲ್ಲ, ಏಕೆಂದರೆ ಅದು ಆಗಲೇ ನಮ್ಮ ಬಾಯಲ್ಲಿದೆ. ನಲವತ್ತು ವರ್ಷ ತರಗತಿಯಲ್ಲಿ ಈ ವಚನವನ್ನು ಓದಿದ್ದೇನೆ. ಆ ಮೂರನೆಯ ಪ್ರಶ್ನೆಯ ಬಳಿಕ ಕೊಠಡಿಯಲ್ಲಿ ಕವಿಯುತ್ತಿದ್ದ ಮೌನವನ್ನು, ಪಾಠ ಅರ್ಥವಾಗದವರ ಮೌನವೆಂದು ನನಗೆ ಒಮ್ಮೆಯೂ ಅನ್ನಿಸಿದ್ದಿಲ್ಲ.

ನಮ್ಮ ವೇದಾಂತಿಗಳೂ ಈ ಪ್ರಶ್ನೆಯನ್ನು ಎತ್ತಿ ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಹೊಳೆ ದಾಟಿದ ಹತ್ತು ಮಂದಿಯ ಕಥೆ ಎಲ್ಲರಿಗೂ ಗೊತ್ತು. ದಡ ಸೇರಿದ ಮೇಲೆ ಒಬ್ಬೊಬ್ಬನೂ ತನ್ನನ್ನು ಬಿಟ್ಟು ಎಣಿಸುತ್ತಾನೆ, ಒಂಬತ್ತೇ ಮಂದಿ ಸಿಗುತ್ತಾರೆ, ಹತ್ತನೆಯವನು ಮುಳುಗಿಹೋದನೆಂದು ಎಲ್ಲರೂ ಅಳುತ್ತಾರೆ. ದಾರಿಹೋಕನೊಬ್ಬ ಬಂದು, ಎಣಿಸುತ್ತಿದ್ದವನನ್ನೇ ತೋರಿಸಿ ‘ಹತ್ತನೆಯವನು ನೀನೇ’ ಎನ್ನುತ್ತಾನೆ. ಅಷ್ಟು ಕೇಳಿದ ಕೂಡಲೇ ಅವನಿಗೆ ತಿಳಿಯಿತು. ಆ ಮಾತನ್ನು ಅವನು ನೂರು ಸಲ ಜಪಿಸಬೇಕಾಗಲಿಲ್ಲ, ಗುಹೆ ಸೇರಬೇಕಾಗಲಿಲ್ಲ. ಶಂಕರರ ಶಿಷ್ಯರಾದ ಸುರೇಶ್ವರಾಚಾರ್ಯರು ಬಳಸುವ ಈ ದೃಷ್ಟಾಂತವನ್ನು ಹಿಡಿದು, ಶಬ್ದದಿಂದಲೇ ನೇರವಾದ ಅರಿವು ಹುಟ್ಟಬಲ್ಲುದೆಂದು ಅದ್ವೈತದ ಒಳಗಿನ ಒಂದು ಪಂಥವಾದ ವಿವರಣ ಪ್ರಸ್ಥಾನ ವಾದಿಸುತ್ತದೆ. ಕಳೆದುಕೊಂಡದ್ದು ತಾನೇ ಆಗಿರುವಾಗ, ಹೇಳುವ ಮಾತು ಸರಿಯಾಗಿದ್ದರೆ ಸಾಕು. ಅನುಭಾವಿಯ ಪದ ಇಂಥ ದಾರಿಹೋಕನ ಮಾತು ಎಂದು ನಾನು ತಿಳಿದಿದ್ದೇನೆ.

ಕುವೆಂಪು ಅವರು ತುಂಗೆಯ ಮೇಲೆ ಹಾರಿದ ಬೆಳ್ಳಕ್ಕಿಯ ಸಾಲನ್ನು ಕಂಡು ‘ದೇವರು ರುಜು ಮಾಡಿದನು’ ಎಂದು ಬರೆದರು. ಆ ಕವಿತೆ ಓದಿದ ಮೇಲೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಜೆ ನಡೆಯುತ್ತಿರುವಾಗ ಬೆಳ್ಳಕ್ಕಿಗಳು ತಲೆಯ ಮೇಲೆ ಹಾದುಹೋದರೆ, ನನ್ನ ಕಣ್ಣು ಮೊದಲಿನಂತೆ ಅವನ್ನು ಬರಿಯ ಹಕ್ಕಿಗಳೆಂದು ನೋಡಿ ಸುಮ್ಮನಾಗಲಾರದು. ಬರಹದ ಕೊನೆಯಲ್ಲಿ ಹೆಸರು ಬರೆದು ಅದನ್ನು ತನ್ನದೆಂದು ಒಪ್ಪಿಕೊಳ್ಳುವುದು ರುಜು. ಇಡೀ ಆಕಾಶ ಯಾರದೋ ಒಪ್ಪಿಗೆ ಪಡೆದ ಪತ್ರವೆಂಬ ಅರಿವು ನನಗೆ ಬಂದದ್ದು ಕವಿತೆಯಿಂದ. ಅದು ಬಂದ ಮೇಲೆ ಹಿಂದಕ್ಕೆ ಹೋಗಿಲ್ಲ.

ವಿರೋಧ: ರುಚಿ ತೋರಿಸುತ್ತದೆ, ಹಸಿವು ನೀಗಿಸುವುದಿಲ್ಲ

ಮೇಷ್ಟ್ರು ಹೇಳಿದ ಆ ತರಗತಿಯ ಮೌನದಲ್ಲಿ ನಾನೂ ಕುಳಿತಿದ್ದೆ. ಅದರ ಬಗ್ಗೆ ಅವರಿಗೆ ಇರುವಷ್ಟೇ ಪ್ರೀತಿ ನನಗೂ ಇದೆ, ಹಾಗಾಗಿಯೇ ಈ ಪ್ರಶ್ನೆಯಲ್ಲಿ ಸುಮ್ಮನಿರುವುದು ಸಾಧ್ಯವಾಗುತ್ತಿಲ್ಲ. ಆ ದಿನಗಳಲ್ಲಿ ಹಾಸ್ಟೆಲಿನ ಕೊಠಡಿಯಲ್ಲಿ ರಾತ್ರಿಯಿಡೀ ಅಲ್ಲಮನನ್ನು ಓದಿ, ನನಗೆ ಏನೋ ಆಯಿತೆಂದು ನಂಬಿದ್ದೆ. ಎದೆ ಹಗುರಾಗಿತ್ತು, ಲೋಕವೆಲ್ಲ ದೂರದ ಚಿತ್ರದಂತೆ ಕಾಣುತ್ತಿತ್ತು, ಯಾರ ಮೇಲೂ ಕೋಪ ಬರುತ್ತಿರಲಿಲ್ಲ. ಅದೇ ವರ್ಷ ಮಳವಳ್ಳಿ ಕಡೆಯ ನಮ್ಮ ಊರಿನಲ್ಲಿ ಅಪ್ಪ ಕಾಯಿಲೆ ಬಿದ್ದು, ಕಬ್ಬಿನ ಗದ್ದೆಗೆ ನೀರು ಕಟ್ಟಲು ಆಳಿಲ್ಲದೆ, ಅವ್ವ ಎರಡು ಸಲ ಹೇಳಿಕಳಿಸಿದ್ದಳು. ನಾನು ಹೋಗಲಿಲ್ಲ. ದೂರದ ಚಿತ್ರದಲ್ಲಿ ಅಪ್ಪನೂ ಸೇರಿಹೋಗಿದ್ದ. ಅದು ಎಚ್ಚರವಾಗಿದ್ದರೆ ನನ್ನನ್ನು ಮೊದಲು ಎಬ್ಬಿಸಿ ರಾತ್ರಿಯ ಬಸ್ಸಿಗೆ ಹತ್ತಿಸಬೇಕಿತ್ತು. ಅದು ಬೇರೇನೋ ಆಗಿತ್ತು, ಅದಕ್ಕೆ ಏನು ಹೆಸರೆಂದು ನಾನು ಕಲಿತದ್ದು ತಡವಾಗಿ.

ಹೆಸರು ಕೊಟ್ಟವರು ಮೈಸೂರಿನವರೇ ಆದ ಎಂ. ಹಿರಿಯಣ್ಣನವರು. ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ, 1871ರಿಂದ 1950ರವರೆಗೆ ಬಾಳಿದ ಈ ವಿದ್ವಾಂಸರು ಕಲೆಯ ಅನುಭವವನ್ನೂ ಮೋಕ್ಷವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರು. ಎರಡರಲ್ಲಿಯೂ ಸ್ವಾರ್ಥ ಮರೆಯಾಗುತ್ತದೆ, ಎರಡರಲ್ಲಿಯೂ ಕಲಬೆರಕೆಯಿಲ್ಲದ ಆನಂದವಿದೆ ಎಂಬುದನ್ನು ಅವರು ಮನಸಾರೆ ಒಪ್ಪುತ್ತಾರೆ. ಆದರೆ ಕಲೆಯ ಆನಂದ ಹೊರಗಿನಿಂದ ಬಂದದ್ದು, ಅದನ್ನು ಹುಟ್ಟಿಸಿದ ವಸ್ತು ಕಣ್ಮರೆಯಾದೊಡನೆ ತಾನೂ ಇಳಿದುಹೋಗುತ್ತದೆ, ಬದುಕಿನ ಸತ್ಯವನ್ನು ಅರಿತ ಬೆಳಕು ಅದರ ಹಿಂದೆ ಇರಲೇಬೇಕೆಂದಿಲ್ಲ ಎಂದು ಅವರು ಗೆರೆ ಎಳೆದರು. ಹಳೆಯ ಕಾವ್ಯಮೀಮಾಂಸಕರು ರಸವನ್ನು ‘ಬ್ರಹ್ಮಾಸ್ವಾದ ಸಹೋದರ’, ಎಂದರೆ ಬ್ರಹ್ಮಾನಂದದ ಒಡಹುಟ್ಟು, ಎಂದು ಕರೆದಾಗ ಅವರೂ ಅಳೆದೇ ಮಾತಾಡಿದ್ದಾರೆ. ಒಡಹುಟ್ಟಿದವನ ಮುಖಚರ್ಯೆ ಒಂದೇ ಇರಬಹುದು, ಆದರೆ ಅವನ ಸಹಿಯಿಂದ ಇವನ ಹೊಲ ಖಾತೆಯಾಗುವುದಿಲ್ಲ.

ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ.ನ. ಅವರಿಗಿಂತ ಭಕ್ತಿಗೆ ಹತ್ತಿರವಾದ ಹೊಸಗನ್ನಡ ಕವಿಯನ್ನು ಹುಡುಕುವುದು ಕಷ್ಟ. ಕಾವ್ಯದ ಕೆಲಸವನ್ನು ಹೇಳುವಾಗ ಅವರು ಆರಿಸಿಕೊಂಡ ಮಾತುಗಳು ‘ಭವನಿಮಜ್ಜನ ಚಾತುರ್ಯ’ ಮತ್ತು ‘ಲಘಿಮಾಕೌಶಲ’. ಭವದಲ್ಲಿ ಮುಳುಗುವುದು ಒಂದು ಚಾತುರ್ಯ, ಹಗುರಾಗಿ ಮೇಲೇಳುವುದು ಒಂದು ಕೌಶಲ. ಎರಡೂ ಕಲೆಗಾರನ ಗುಣಗಳು, ಆ ಕವಿ ಅಲ್ಲಿಗೇ ನಿಂತರು. ಮೇಷ್ಟ್ರು ನೆನೆದ ಬೆಳ್ಳಕ್ಕಿಯ ಕವಿತೆಯಲ್ಲಿಯೂ ನೋಡಿದವನು ‘ರಸವಶನಾಗುತ’ ನೋಡಿದ ಕವಿ. ಕವಿಗಳೇ ಇಷ್ಟು ಪ್ರಾಮಾಣಿಕವಾಗಿ ತಮ್ಮ ಗಡಿಯನ್ನು ಗುರುತಿಸಿಕೊಂಡಿರುವಾಗ, ಓದುಗರಾದ ನಾವು ಆ ಗಡಿಯನ್ನು ಅಳಿಸಲು ಹೊರಡುವುದು ಅವರಿಗೆ ಸಲ್ಲಿಸುವ ಗೌರವವಾಗಲಾರದು.

ವಚನಗಳ ವಿಷಯದಲ್ಲಿ ಇನ್ನೊಂದು ಮಾತಿದೆ, ಅದನ್ನು ಬೇಗ ಹೇಳಿಬಿಡುತ್ತೇನೆ. ಅಲ್ಲಮ 12ನೆಯ ಶತಮಾನದವನು; ಆತನ ಮಾತುಗಳನ್ನು ಸಂವಾದವಾಗಿ ಹೆಣೆದ ಮೊದಲ ಶೂನ್ಯಸಂಪಾದನೆ 15ನೆಯ ಶತಮಾನದ್ದು, ಆಮೇಲೆ ಅದು ಬೇರೆ ಬೇರೆ ಕೈಗಳಲ್ಲಿ ಮತ್ತೆ ಮತ್ತೆ ರೂಪ ಪಡೆಯಿತು. ಯಾವ ವಚನ ಯಾರಿಗೆ ಉತ್ತರವಾಗಿ ಬಂತು ಎಂಬುದನ್ನು ನಾವು ಅನೇಕ ವೇಳೆ ತಿಳಿದಿರುವುದು ಸಂಪಾದಕರಿಂದ. ವಚನದ ಹಿರಿಮೆ ಇದರಿಂದ ಕಡಿಮೆಯಾಗುವುದಿಲ್ಲ. ಓದುವಾಗ ಅಲ್ಲಮನೇ ಎದುರು ನಿಂತು ನನ್ನನ್ನು ಎಬ್ಬಿಸಿದನೆಂಬ ಭಾವಕ್ಕೆ ಮಾತ್ರ ಇದು ಸ್ವಲ್ಪ ತಡೆ.

ಹತ್ತನೆಯವನ ಕಥೆಗೆ ಬರುತ್ತೇನೆ, ಮೇಷ್ಟ್ರ ವಾದದ ಬಲವೆಲ್ಲ ಅಲ್ಲಿದೆ. ಆ ಮನುಷ್ಯ ದಡದ ಮೇಲೆ ಕುಳಿತು ಅಳುತ್ತಿದ್ದ. ಅವನು ಏನನ್ನೋ ಕಳೆದುಕೊಂಡಿದ್ದ, ಹುಡುಕಿ ಸೋತಿದ್ದ. ಅವನ ಅಳುವಿನ ಮುಂದೆ ಜೀವಂತ ಮನುಷ್ಯನೊಬ್ಬ ನಿಂತು ಬೆರಳು ತೋರಿದ. ಅಳದವನಿಗೆ, ಹುಡುಕದವನಿಗೆ ‘ಹತ್ತನೆಯವನು ನೀನೇ’ ಎಂದರೆ ಅದೊಂದು ಚಂದದ ವಾಕ್ಯವಾಗಿ ಕೇಳಿಸುತ್ತದೆ, ಅಷ್ಟೆ. ಅದ್ವೈತದಲ್ಲಿಯೇ ಭಾಮತಿ ಪ್ರಸ್ಥಾನದವರು ವಿವರಣದವರೊಡನೆ ಜಗಳವಾಡಿದ್ದು ಇದೇ ಜಾಗದಲ್ಲಿ. ಕೇಳಿದ ಮಾತು ಒಳಗೆ ಇಳಿದು, ದೀರ್ಘಕಾಲದ ಧ್ಯಾನದಿಂದ ಹದವಾದ ಮನಸ್ಸಿನಲ್ಲಿ ಮಾತ್ರ ನೇರ ಅರಿವಾಗುತ್ತದೆ ಎಂಬುದು ಅವರ ನಿಲುವು. ಮೇಷ್ಟ್ರ ಅಜ್ಜಿಯನ್ನು ನಾನು ಕಂಡಿಲ್ಲವಾದರೂ ಅವರು ನನ್ನ ಕಡೆಯವರೆಂದೇ ನನಗೆ ತೋರುತ್ತದೆ. ಅವರು ಆ ಪಾಶುರವನ್ನು ಒಮ್ಮೆ ಓದಿ ಮರುಳಾದವರಲ್ಲ. ಪ್ರತಿದಿನ, ಪ್ರತಿ ಎಲೆಗೆ ಮುನ್ನ, ಬಾಳಿನ ಉದ್ದಕ್ಕೂ ಅವರ ಕೈ ಒಂದು ಗಳಿಗೆ ತಡೆಯಿತು. ಸೌದೆ ಹೊತ್ತವಳ ಕಡೆಗೆ ಚಾಚಿದ್ದು ಹಾಗೆ ವರ್ಷಗಟ್ಟಲೆ ತಡೆದು ಪಳಗಿದ ಕೈ. ಪಾಶುರ ಅದಕ್ಕೆ ನೆಪ ಕೊಟ್ಟಿತು, ಭಾಷೆ ಕೊಟ್ಟಿತು. ಆದರೆ ಅದೇ ಪಾಶುರವನ್ನು ಅದೇ ಮನೆಯಲ್ಲಿ ಆಕ್ಷೇಪಣೆ ಎತ್ತಿದವರೂ ಬಾಯಿಪಾಠ ಮಾಡಿದ್ದಿರಬೇಕಲ್ಲವೇ?

ನನ್ನ ಸೀಮೆಯ ಕಾವ್ಯವೂ ಹೀಗೆಯೇ ಹೇಳುತ್ತದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವಿದೆ. ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರು ಹೆಗಲಿಗೆ ತಂಬೂರಿ ಒರಗಿಸಿ, ಕೈಯಲ್ಲಿ ಗಗ್ಗರ ಆಡಿಸುತ್ತ ಇರುಳೆಲ್ಲ ಹಾಡುವುದನ್ನು ನಾನು ಅವ್ವನ ಮಡಿಲಲ್ಲಿ ಕುಳಿತು ಕೇಳಿದ್ದೇನೆ. ಹಲಗೂರಿನ ಪಾಂಚಾಳರ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಷ್ಯನನ್ನಾಗಿ ಬೇಡುತ್ತಾನೆ. ಹುಡುಗ ಒಪ್ಪುವುದಿಲ್ಲ, ಮನೆಯವರು ಬಿಡುವುದಿಲ್ಲ. ಕೊನೆಗೆ ಅವನು ಗವಿಯ ಕತ್ತಲಲ್ಲಿ ವರ್ಷಗಳನ್ನು ಕಳೆದು ಸಿದ್ಧಪ್ಪಾಜಿಯಾಗುತ್ತಾನೆ. ಆದ ಮೇಲಾದರೂ ಅವನಿಗೆ ಸಿಂಹಾಸನ ಸಿಗುತ್ತದೆಯೇ? ತನ್ನವರೇ ಇರುವ ಹಲಗೂರಿಗೆ ಹೋಗಿ ಕಬ್ಬಿಣದ ಭಿಕ್ಷೆ ಬೇಡಿ ತರಬೇಕೆಂದು ಗುರು ಕಳಿಸುತ್ತಾನೆ. ತನ್ನನ್ನು ಹೆತ್ತು ಹೊತ್ತ ಕುಲದ ಬಾಗಿಲಲ್ಲಿ, ಅವರ ಕುಲುಮೆಯ ಬದುಕಾದ ಕಬ್ಬಿಣವನ್ನೇ ಬೇಡುತ್ತ ನಿಂತು, ಅವಮಾನವನ್ನೂ ಪರೀಕ್ಷೆಗಳನ್ನೂ ಅವನು ನುಂಗಬೇಕು. ಕೆಂಪಾಚಾರಿ ಹಾಡು ಕೇಳಿ ಸಿದ್ಧಪ್ಪಾಜಿಯಾದವನಲ್ಲ. ಹಾಡು ಅವನು ಆದ ಮೇಲೆ ಹುಟ್ಟಿತು. ಆ ಹಾಡನ್ನು ಹಾಡುವವರಿಗೂ ಬರಿಯ ಇಷ್ಟ, ಒಳ್ಳೆಯ ಕಂಠ ಸಾಲದು, ಗುಡ್ಡನಾಗುವ, ಎಂದರೆ ಒಕ್ಕಲ ಭಕ್ತನಾಗುವ, ದೀಕ್ಷೆಯಿದೆ, ಜೋಳಿಗೆ ಹಿಡಿದು ಮನೆ ಮನೆ ಬೇಡುವ ಕಟ್ಟಳೆಯಿದೆ. ಓದು ಬರಹ ಬಾರದ ಆ ಪರಂಪರೆ, ಕೇಳುವುದಕ್ಕೂ ಆಗುವುದಕ್ಕೂ ನಡುವೆ ಇರುವ ದಾರಿಯನ್ನು ಮರೆತಿಲ್ಲ. ಪುಸ್ತಕದ ಓದುಗರಾದ ನಾವು ಅದನ್ನು ಮರೆತದ್ದು ನನಗೆ ನೋವಿನ ಸಂಗತಿ. ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಹೂವಿನ ಚಿತ್ರದ ಮೇಲಿನ ವಚನವನ್ನು ಓದಿ, ಇನ್ನೊಬ್ಬರಿಗೆ ಕಳಿಸಿ, ಆ ದಿನದ ಸಾಧನೆ ಮುಗಿಯಿತೆಂದುಕೊಳ್ಳುವ ಸ್ಥಿತಿಗೆ ಬಂದಿದ್ದೇವೆ.

ಈ ವರ್ಷವೂ ಮಂಡ್ಯದ ನನ್ನ ತರಗತಿಯಲ್ಲಿ ಅಕ್ಕಮಹಾದೇವಿಯ ವಚನ ಪಾಠಕ್ಕಿತ್ತು. ‘ಹಸಿವಾದರೆ ಊರೊಳಗೆ ಭಿಕ್ಷಾನ್ನಗಳುಂಟು, ತೃಷೆಯಾದರೆ ಕೆರೆ ಹಳ್ಳ ಬಾವಿಗಳುಂಟು, ಶಯನಕ್ಕೆ ಹಾಳು ದೇಗುಲಗಳುಂಟು’ ಎಂಬಲ್ಲಿಯವರೆಗೆ ವಿವರಿಸಿದೆ. ಭಿಕ್ಷೆ ಎಂದರೇನು, ಮನೆ ಬಿಟ್ಟು ಬಂದ ಹೆಣ್ಣೊಬ್ಬಳಿಗೆ ಹಾಳು ದೇಗುಲದ ರಾತ್ರಿ ಎಂಥದು ಎಂದು ಮಾತಾಡಿದೆವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಊರಿನವರು ಭಿಕ್ಷೆ ಹಾಕದ ದಿನ ಅಕ್ಕ ಏನು ಮಾಡುತ್ತಿದ್ದಳು ಸಾರ್ ಎಂದು ಕೇಳಿದಳು. ಹಸಿದೇ ಇರುತ್ತಿದ್ದಳಮ್ಮ ಎಂದೆ. ‘ಆತ್ಮಸಂಗಾತಕ್ಕೆ ನೀನೆನಗುಂಟು’ ಎಂಬ ಕೊನೆಯ ಸಾಲಿಗೆ ಬಂದಾಗ, ಮೇಲಿನ ಮೂರು ಸಾಲುಗಳನ್ನು ನಾನು ಒಂದು ರಾತ್ರಿಯೂ ಬದುಕಿಲ್ಲವೆಂಬುದು ನೆನಪಾಗಿ, ಅರ್ಥ ಹೇಳುವುದನ್ನು ಬಿಟ್ಟು ಅದನ್ನು ಎರಡು ಸಲ ನಿಧಾನವಾಗಿ ಓದಿದೆ.