ಯಾವ ಬಣ್ಣದ ಅಂಗಿ ಹಾಕ್ಕೊಳ್ಳಲಿ?

ಚುನಾವಣೆ ಬಂತೆಂದರೆ ಬಳ್ಳಾರಿಯಲ್ಲಿ ಬೆಳಿಗ್ಗೆ ಅಂಗಿ ಆರಿಸುವುದೇ ಒಂದು ರಾಜಕೀಯ ನಿರ್ಧಾರ. ಕೇಸರಿ ಹಾಕಿಕೊಂಡು ರಾಯಲ್ ಸರ್ಕಲ್ ದಾಟಿದರೆ ಸಾಕು, "ಓಹೋ, ಆ ಕಡೆ ಹೋದ್ರಾ?" ಅನ್ನುತ್ತಾರೆ. ಹಸಿರಾದರೆ ಒಬ್ಬರಿಗೆ ತೆನೆ ಹೊತ್ತ ಮಹಿಳೆ ಕಾಣಿಸುತ್ತಾಳೆ, ಇನ್ನೊಬ್ಬರಿಗೆ ರೈತ ಸಂಘ. ಮೂರನೆಯವರು ಬೇರೇನೋ ಕಂಡು ಸುಮ್ಮನೆ ಹುಬ್ಬೇರಿಸುತ್ತಾರೆ. ನೀಲಿಗೆ ಆನೆ, ಕೆಂಪಿಗೆ ಕುಡುಗೋಲು. ಹಳದಿ ಹಾಕೋಣ ಅಂದರೆ ಪಕ್ಕದಲ್ಲೇ ಆಂಧ್ರ, ಅಲ್ಲಿ ತೆಲುಗುದೇಶಂ. ಬಿಳಿಯೇ ವಾಸಿ ಅಂತ ಬಿಳಿ ಹಾಕಿದರೆ ಎದುರಿಗೆ ಬಂದವರು ಕೈಮುಗಿದು ಮಗನಿಗೊಂದು ಕೆಲಸ ಕೇಳುತ್ತಾರೆ.

ಹೀಗಾಗಿ ಊರಿನವರಿಗೆ ಉಳಿದದ್ದು ಜೀನ್ಸ್ ಒಂದೇ. ಪುಣ್ಯಕ್ಕೆ ಅದನ್ನು ನಾವೇ ಹೊಲಿಯುತ್ತೇವೆ.

ಪಕ್ಷಗಳು ಬಣ್ಣ ಹಂಚಿಕೊಂಡ ರೀತಿ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಕಾವೇರಿ ನೀರನ್ನು ಇಷ್ಟು ಸಲೀಸಾಗಿ ಹಂಚಲು ಯಾರಿಂದಲೂ ಆಗಲಿಲ್ಲ. ಕಾಂಗ್ರೆಸ್ ಜಾಣತನ ಮಾಡಿ ಮೂರು ಬಣ್ಣವನ್ನೂ ಇಟ್ಟುಕೊಂಡು ಮಧ್ಯದಲ್ಲಿ ಕೈ ಅಡ್ಡ ಹಿಡಿದಿದೆ. ಬಿಜೆಪಿಯ ಬಾವುಟದಲ್ಲೂ ಒಂದು ಪಟ್ಟಿ ಹಸಿರಿದೆ. ಭಾಷಣ ಕೇಳಿದ ಮೇಲೆ ಅದು ಯಾರಿಗೂ ನೆನಪಿರುವುದಿಲ್ಲ, ಅಷ್ಟೆ. ಬೇಕಾದಾಗ ಸಾಲವೂ ಸಿಗುತ್ತದೆ. 2018ರ ಮೇ 17ರಂದು ಯಡಿಯೂರಪ್ಪನವರು ಹಸಿರು ಶಾಲು ಹೊದ್ದು, ರೈತರ ಹೆಸರಿನಲ್ಲಿ ಪ್ರಮಾಣವಚನ ತೆಗೆದುಕೊಂಡರು. 19ಕ್ಕೆ ರಾಜೀನಾಮೆ. ಶಾಲು ಒಗೆಯುವ ಕೆಲಸವೂ ಬೀಳಲಿಲ್ಲ.

ನಮ್ಮ ಕಡೆಯ ದಾಖಲೆ ಅದಕ್ಕಿಂತ ಸ್ವಲ್ಪ ಜಾಸ್ತಿ. 2022ರ ಡಿಸೆಂಬರ್‌ನಲ್ಲಿ ಗಾಲಿ ಜನಾರ್ದನ ರೆಡ್ಡಿಯವರು ಹೊಸ ಪಕ್ಷ ಕಟ್ಟಿದರು. 2023ರಲ್ಲಿ ಫುಟ್‌ಬಾಲ್ ಗುರುತಿನಲ್ಲಿ ಗಂಗಾವತಿಯಿಂದ ಗೆದ್ದರು. 2024ರ ಮಾರ್ಚ್‌ನಲ್ಲಿ ಪಕ್ಷ ಬಿಜೆಪಿಯೊಳಗೆ ವಿಲೀನವಾಯಿತು. ಸಾಮಾನ್ಯವಾಗಿ ಪಕ್ಷ ಉಳಿದು ಬಾವುಟ ಮಾಸುತ್ತದೆ. ಇಲ್ಲಿ ಬಾವುಟ ಹೊಳೆಯುತ್ತಿರುವಾಗಲೇ ಪಕ್ಷ ಮುಗಿಯಿತು. ಬಳ್ಳಾರಿ ಬಿಸಿಲಿನಲ್ಲಿ ಇಷ್ಟು ಗಟ್ಟಿ ಬಣ್ಣ ಹಾಕಿದ ಡೈಯಿಂಗ್‌ನವರಿಗೆ ಪ್ರಶಸ್ತಿ ಕೊಡಬೇಕಿತ್ತು, ಅಲ್ವಾ?

ಹಾಗೆ ನೋಡಿದರೆ ಬಣ್ಣದ ರಾಜಕೀಯಕ್ಕೆ ಬಳ್ಳಾರಿ ಹಳೇ ಹುಲಿ. 1999ರ ಲೋಕಸಭಾ ಚುನಾವಣೆ ನೆನಪಿದೆಯಲ್ಲ? ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್. ಇಡೀ ದೇಶದ ಕ್ಯಾಮೆರಾಗಳು ಇಲ್ಲಿಗೆ ಬಂದಿದ್ದವು. ಸುಷ್ಮಾ ಅವರ ಹಣೆ ತುಂಬ ಕುಂಕುಮ, ಬೈತಲೆಗೆ ಸಿಂಧೂರ, ಮೇಲೆ ಚುರುಕಾಗಿ ಕಲಿತ ಕನ್ನಡ. ವಿದೇಶಿ ಸೊಸೆಯೋ ಸ್ವದೇಶಿ ಮಗಳೋ ಅನ್ನುವ ಪ್ರಶ್ನೆಗೆ ಉತ್ತರವನ್ನು ಹಣೆಯ ಮೇಲೇ ಬರೆದುಕೊಂಡಂತಿತ್ತು. ಕೊನೆಗೆ ಸೋನಿಯಾ ಸುಮಾರು 56 ಸಾವಿರ ಮತಗಳಿಂದ ಗೆದ್ದು, ಅಮೇಠಿಯನ್ನು ಇಟ್ಟುಕೊಂಡು ನಮ್ಮನ್ನು ಬಿಟ್ಟರು. ಸೋತ ಸುಷ್ಮಾ ಮಾತ್ರ ವರಮಹಾಲಕ್ಷ್ಮಿ ಹಬ್ಬಕ್ಕೆ ಎಷ್ಟೋ ವರ್ಷ ಬಳ್ಳಾರಿಗೆ ಬಂದು ಹೋದರು. ಗೆದ್ದವರು ಬಾರದೆ ಸೋತವರು ಬರುವ ಕ್ಷೇತ್ರ ಇನ್ನೆಲ್ಲಾದರೂ ಇದೆಯೇ, ನನಗಂತೂ ಗೊತ್ತಿಲ್ಲ.

ಇಷ್ಟೆಲ್ಲ ಬಣ್ಣಗಳ ಮಧ್ಯೆ ಊರಿನ ಸ್ವಂತ ಬಣ್ಣವನ್ನು ಮಾತ್ರ ಯಾವ ಪಕ್ಷವೂ ಕೇಳಲಿಲ್ಲ. ಅದು ಅದಿರಿನ ಕೆಂಪು. ಗಣಿ ಲಾರಿಗಳ ಭರಾಟೆಯ ಕಾಲದಲ್ಲಿ ಸಂಡೂರಿನ ರಸ್ತೆಗಳಲ್ಲಿ ಮರ, ಎಮ್ಮೆ, ದೇವಸ್ಥಾನ, ಮೈಲಿಗಲ್ಲು ಎಲ್ಲವೂ ಒಂದೇ ಪಕ್ಷ ಸೇರಿದ್ದವು. ಬೆಳಿಗ್ಗೆ ಬಿಳಿ ಖಾದಿಯಲ್ಲಿ ಹೊರಟ ನಾಯಕರು ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದ್ದರು. ಆ ಧೂಳನ್ನು ಪ್ರಶ್ನಿಸಲು 2010ರಲ್ಲಿ ಕಾಂಗ್ರೆಸ್‌ನವರು ಬೆಂಗಳೂರಿನಿಂದ ಇಲ್ಲಿಗೆ ಸುಮಾರು 320 ಕಿಲೋಮೀಟರ್ ನಡೆದು ಬಂದರು. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಸರ್ಕಾರಗಳು ಬದಲಾದವು, ಗಣಿಗಳು ಮತ್ತೆ ತೆರೆದವು. ಕೆಂಪು ಧೂಳು ಯಾವ ಅರ್ಜಿಯನ್ನೂ ಹಾಕದೆ ಮತ್ತೆ ಅಧಿಕಾರಕ್ಕೆ ಬಂತು.

ಮಣ್ಣಿನ ಬಣ್ಣ ಅಂದಾಗ ನೆರೆಯ ಆಂಧ್ರದ ಕಥೆ ಹೇಳಲೇಬೇಕು. ಜಗನ್ ಮೋಹನ್ ರೆಡ್ಡಿಯವರ ಸರ್ಕಾರ ಬಂದ ಮೇಲೆ ಪಂಚಾಯ್ತಿ ಕಟ್ಟಡಗಳಿಗೆ ನೀಲಿ, ಹಸಿರು, ಬಿಳಿ ಬಳಿದರು. ಅದು ಆಡಳಿತ ಪಕ್ಷದ ಬಾವುಟದ ಬಣ್ಣ ಅಂತ ಮಗುವಿಗೂ ಗೊತ್ತು. 2020ರಲ್ಲಿ ಹೈಕೋರ್ಟ್ ಅಳಿಸಿ ಅಂದಿತು. ಸರ್ಕಾರ ಅಳಿಸಲಿಲ್ಲ, ಜೊತೆಗೆ ಇನ್ನೊಂದು ಬಣ್ಣ ಸೇರಿಸಿತು! ಹಸಿರು ಅಂದರೆ ಕೃಷಿ, ನೀಲಿ ಅಂದರೆ ಮೀನುಗಾರಿಕೆ, ಬಿಳಿ ಅಂದರೆ ಹಾಲು, ಹೊಸದಾಗಿ ಹಾಕಿದ ಇಟ್ಟಿಗೆ ಬಣ್ಣ ಅಂದರೆ ಮಣ್ಣು ಅಂತ ಆದೇಶವನ್ನೂ ಹೊರಡಿಸಿತು. ಹೈಕೋರ್ಟ್ ಅದನ್ನೂ ಹೊಡೆದುಹಾಕಿತು. ಸುಪ್ರೀಂ ಕೋರ್ಟಿಗೆ ಹೋದರೆ ಜೂನ್‌ನಲ್ಲಿ ಅಲ್ಲೂ ಮೇಲ್ಮನವಿ ವಜಾ. ಬಳಿಯಲು ಒಂದು ಖರ್ಚು, ಸಮರ್ಥಿಸಲು ಒಂದು ಖರ್ಚು, ಕೆರೆಯಲು ಮತ್ತೊಂದು. ಮಣ್ಣಿನ ಬಣ್ಣ ಬೇಕಿದ್ದರೆ ಕಟ್ಟಡಗಳನ್ನು ಸಂಡೂರಿನಲ್ಲಿ ನಾಲ್ಕು ದಿನ ನಿಲ್ಲಿಸಿದ್ದರೆ ಪುಕ್ಕಟೆ ಆಗುತ್ತಿತ್ತು.

ನಗುವ ಹಾಗೂ ಇಲ್ಲ. 2022ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲೇ ‘ವಿವೇಕ’ ಶಾಲಾ ಕೊಠಡಿಗಳಿಗೆ ಕೇಸರಿ ಬಳಿಯುವ ಮಾತು ಬಂದು ವಾರಗಟ್ಟಲೆ ಗದ್ದಲ ನಡೆಯಿತು. ರಾಷ್ಟ್ರಧ್ವಜದಲ್ಲಿ ಕೇಸರಿ ಇಲ್ವಾ ಅಂತ ಒಂದು ಕಡೆ, ಶಾಲೆಯೇನು ಪಕ್ಷದ ಕಚೇರಿಯಾ ಅಂತ ಇನ್ನೊಂದು ಕಡೆ. ಸೋರುವ ಚಾವಣಿಯ ವಿಷಯದಲ್ಲಿ ಮಾತ್ರ ಎರಡೂ ಕಡೆಯವರಿಗೆ ಒಮ್ಮತ ಇತ್ತು. ಯಾರೂ ಮಾತಾಡಲಿಲ್ಲ.

ತಮಾಷೆ ಏನೆಂದರೆ, ಇಷ್ಟೆಲ್ಲ ಬಳಿದ ಮೇಲೆ ಮತಗಟ್ಟೆಯೊಳಗೆ ಬಣ್ಣಕ್ಕೆ ಬೆಲೆಯೇ ಇಲ್ಲ. ಆಯೋಗ ಪಕ್ಷಕ್ಕೆ ಕೊಡುವುದು ಗುರುತು, ಬಣ್ಣ ಅಲ್ಲ. ಕಮಲ, ಕೈ, ತೆನೆ ಎಲ್ಲವೂ ಅಲ್ಲಿ ಕಪ್ಪು ಗೆರೆಗಳಲ್ಲಿ ಕೂತಿರುತ್ತವೆ. ಲೋಕಸಭೆಗೆ ಬಿಳಿ ಕಾಗದ, ವಿಧಾನಸಭೆಗೆ ಗುಲಾಬಿ. ಗುಲಾಬಿ ನಮ್ಮಲ್ಲಿ ಯಾವ ಪಕ್ಷದ್ದೂ ಅಲ್ಲ, ಸದ್ಯಕ್ಕೆ. ಇನ್ನು ಯಂತ್ರವೋ, ಪೂರ್ತಿ ಸಮ್ಮಿಶ್ರ ಸರ್ಕಾರ. ಸಿದ್ಧ ಅನ್ನಲು ಹಸಿರು ದೀಪ, ಒತ್ತಲು ನೀಲಿ ಗುಂಡಿ, ಒತ್ತಿದರೆ ಕೆಂಪು ದೀಪ. ಕೇಸರಿಗೆ ಓಟು ಹಾಕಲು ಹೋದವನೂ ಈ ಮೂವರನ್ನು ಮಾತಾಡಿಸದೆ ಹೊರಗೆ ಬರುವ ಹಾಗಿಲ್ಲ. ಆಮೇಲೆ ಬೆರಳಿಗೆ ಮೈಸೂರಿನ ಶಾಯಿ. 1962ರಿಂದ ಅದೇ ಬಣ್ಣ, ಇನ್ನೂ ಪಕ್ಷಾಂತರ ಮಾಡಿಲ್ಲ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗುತ್ತದೆ. ಬೇಕಾದ ಬಿಸಿಲನ್ನು ಬಳ್ಳಾರಿ ಧಾರಾಳವಾಗಿ ಕೊಡುತ್ತದೆ.

ನನ್ನ ಚಿಂತೆ ಶಾಲಿನದ್ದು. ಪಕ್ಷ ಸೇರ್ಪಡೆ ಅಂದರೆ ಈಗ ಸಿದ್ಧಾಂತ ಅಲ್ಲ, ಕುತ್ತಿಗೆ ಬಗ್ಗಿಸಿ ಶಾಲು ಹಾಕಿಸಿಕೊಳ್ಳುವುದು. ಟಿಕೆಟ್ ಪಟ್ಟಿ ಬಿಡುಗಡೆಯಾದ ರಾತ್ರಿ ಎಷ್ಟು ಶಾಲು ಕೆಳಗೆ ಬೀಳುತ್ತವೆ, ಎಷ್ಟು ಮೇಲೇರುತ್ತವೆ! ಇಷ್ಟೊಂದು ಬಟ್ಟೆ ದಂಡ. ಇಷ್ಟು ಜೀನ್ಸ್ ಹೊಲಿಯುವ ಊರು ಒಂದು ಎರಡು ಮುಖದ ಶಾಲು ಹೊಲಿಯಲಾರದೇ? ಒಂದು ಕಡೆ ಕೇಸರಿ, ಒಂದು ಕಡೆ ತ್ರಿವರ್ಣ. ಮಧ್ಯಾಹ್ನ ಊಟದ ಹೊತ್ತಿಗೆ ತಿರುಗಿಸಿಕೊಂಡರೆ ಮುಗಿಯಿತು.

ತೊಡಕಿರುವುದು ಲೆಕ್ಕದಲ್ಲಿ. ವಿಧಾನಸಭೆಗೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಶಾಲು, ಟೋಪಿ, ಬಾವುಟ ಎಲ್ಲಕ್ಕೂ ಚುನಾವಣಾಧಿಕಾರಿಗಳು ದರಪಟ್ಟಿ ಮಾಡಿ ಅಭ್ಯರ್ಥಿಯ ಲೆಕ್ಕಕ್ಕೆ ಬರೆಯುತ್ತಾರೆ. ಎರಡು ಮುಖದ ಶಾಲನ್ನು ಯಾರ ಲೆಕ್ಕಕ್ಕೆ ಬರೆಯುವುದು? ಟೈಲರ್ ಒಬ್ಬರನ್ನು ಕೇಳಿದೆ. ಮೆಷಿನ್ನಿನಿಂದ ತಲೆ ಎತ್ತದೆ ಹೇಳಿದರು: "ಇಬ್ಬರಿಗೂ ಅರ್ಧರ್ಧ ಬರೀರಿ ಸಾರ್. ಮೂರನೇ ಪಕ್ಷ ಬಂದ್ರೆ ಅಂಚಿಗೆ ಬೇರೆ ರೇಟು."