ಮೊದಲು ಬಾಯಿ ಬಿಟ್ಟವನೇ ಗುರು

ಕರೆಂಟ್ ಹೋದದ್ದಕ್ಕೆ ಬೈಯುವವರು ಊರ ತುಂಬಾ ಇದ್ದಾರೆ. ಬಂದದ್ದಕ್ಕೆ ಬೈಯುವವನು ದಾವಣಗೆರೆಯಲ್ಲಿ ಬಹುಶಃ ನಾನೊಬ್ಬನೇ. ಇವತ್ತು ಬೆಳಿಗ್ಗೆ ಬೆಣ್ಣೆ ದೋಸೆ ತಟ್ಟೆಗೆ ಬಿದ್ದು, ಆಲೂಗಡ್ಡೆ ಪಲ್ಯದ ಕಡೆಗೆ ಕೈ ಹೋಗುವಷ್ಟರಲ್ಲಿ ಕಚೇರಿಯಿಂದ ಫೋನು: “ಸರ್, ಕರೆಂಟ್ ಬಂತು. ಸರ್ವರ್ ಏಳುತ್ತಿಲ್ಲ.”

ಹೇಗೆ ಎದ್ದಾವು? ಅವುಗಳ ಹೊಟ್ಟೆಯಲ್ಲಿ ಡಿಸ್ಕೇ ಇಲ್ಲ. ಎಲ್ಲ ಸರ್ವರುಗಳ ಸರಕೂ ಒಂದೇ ಸ್ಟೋರೇಜ್ ಪೆಟ್ಟಿಗೆಯಲ್ಲಿದೆ. ಪ್ರತಿಯೊಂದೂ ನೆಟ್‌ವರ್ಕಿನ ಮೂಲಕ ಅಲ್ಲಿಂದಲೇ ತನ್ನ ಪಾಲು ಪಡೆದು ಏಳಬೇಕು. ಯಂತ್ರ ಕೆಟ್ಟರೆ ಹೊಸದನ್ನು ತಂದು ಅದೇ ಪಾಲನ್ನು ತೋರಿಸಿದರೆ ಆಯಿತು, ಬ್ಯಾಕಪ್ ಒಂದೇ ಕಡೆ. ಏರ್ಪಾಡು ಒಳ್ಳೆಯದೇ, ಹಸಿದ ಹೊಟ್ಟೆಯಲ್ಲೂ ಹಾಗೆಯೇ ಹೇಳುತ್ತೇನೆ. ತಕರಾರು ಇರುವುದು ಏಳುವ ಆ ಮೊದಲ ನಿಮಿಷದ ಬಗ್ಗೆ.

ಆ ನಿಮಿಷದಲ್ಲಿ ಸರ್ವರಿಗೆ ತನ್ನ ವಿಳಾಸವೇ ಗೊತ್ತಿರುವುದಿಲ್ಲ. ನಾನು ಯಾರು, ಏಳಲು ಬೇಕಾದ ಕಡತ ಯಾರ ಬಳಿ ಇದೆ ಎಂದು ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗುತ್ತದೆ. ವಿಳಾಸ ಹಂಚುವ ಡಿಎಚ್‌ಸಿಪಿ ಉತ್ತರ ಕೊಟ್ಟರೆ, ಕಡತ ಸಾಗಿಸುವ ಟಿಎಫ್‌ಟಿಪಿ ಎಂಬ ಕ್ರಮದಿಂದ ಬೂಟ್ ಕಡತ, ಎಂದರೆ ಏಳಲು ಬೇಕಾದ ಆ ಕಡತ, ತರಿಸಿಕೊಳ್ಳುತ್ತದೆ. ಈ ಟಿಎಫ್‌ಟಿಪಿ 1981ರಷ್ಟು ಹಳೆಯದು. ಮೂಲ ಕ್ರಮದಲ್ಲಿ ಒಂದು ಸಲಕ್ಕೆ 512 ಬೈಟುಗಳನ್ನಷ್ಟೇ ಕಳಿಸಿ, ಮುಟ್ಟಿತೆಂಬ ರಸೀದಿ ಬಂದ ಮೇಲೆಯೇ ಮುಂದಿನ ಕಂತು. ಅದೆಲ್ಲ ಮುಗಿದ ಮೇಲೆ, ದೂರದ ಡಿಸ್ಕನ್ನು ನೆಟ್‌ವರ್ಕಿನಲ್ಲೇ ತಲುಪಿಸುವ ಐ-ಸ್ಕಸಿ ಮೂಲಕ ಸ್ಟೋರೇಜಿನ ಬಾಗಿಲು ತಟ್ಟುವುದು. ಈ ಏಳುವ ಪದ್ಧತಿಗೆ ಪಿಕ್ಸಿ ಎಂದು ಹೆಸರು. ನಮ್ಮ ಜಿಲ್ಲೆ ಚಿತ್ರದುರ್ಗದಿಂದ ಬೇರೆಯಾದದ್ದು 1997ರಲ್ಲಿ. ಇಂಟೆಲ್ ಕಂಪನಿ ಪಿಕ್ಸಿಯ 2.1ನೇ ಆವೃತ್ತಿಯನ್ನು ಹೊರತಂದದ್ದು 1999ರಲ್ಲಿ. ಇಬ್ಬರೂ ಸರೀಕರು. ಜಿಲ್ಲೆ ತನ್ನ ಕಾಲ ಮೇಲೆ ತಾನು ನಿಂತಿತು. ಪಿಕ್ಸಿಗೆ ಇನ್ನೂ ಯಾರಾದರೂ ಕೈ ಹಿಡಿದು ಎಬ್ಬಿಸಬೇಕು.

ಅದರ ದೊಡ್ಡ ದೋಷವೆಂದರೆ ನಂಬಿಕೆ. ಬಸ್ ನಿಲ್ದಾಣದಲ್ಲಿ ಇಳಿದ ಹೊಸಬನು ದಾರಿ ಕೇಳಿದಾಗ ಮೊದಲು ಬಾಯಿ ಬಿಟ್ಟವನನ್ನೇ ಗುರುವೆಂದು ಹಿಂಬಾಲಿಸುವಂತೆ, ಕೆಲವು ಸರ್ವರುಗಳು ಮೊದಲು ಬಂದ ಉತ್ತರವನ್ನೇ ಹಿಡಿದುಕೊಂಡು ಹೊರಟುಬಿಡುತ್ತವೆ. ನಮ್ಮವು ಆ ಜಾತಿಗೆ ಸೇರಿದವು. ನಮ್ಮ ಕಚೇರಿಯಲ್ಲಿ ಎಲ್ಲರಿಗಿಂತ ಮೊದಲು ಬಾಯಿ ಬಿಡುವುದು ಯಜಮಾನರ ಡಬ್ಬಿ.

ಯಜಮಾನರು ಲೆಕ್ಕಪತ್ರ ವಿಭಾಗದ ಹಿರಿಯರು. ಎಂಟೂವರೆಗೇ ಬಂದು ಕುರ್ಚಿಯ ಧೂಳು ಒರೆಸಿ, ಊಟದ ಚೀಲವನ್ನು ಬಿಚ್ಚುತ್ತಾರೆ. ಮೇಲೆ ಜೋಳದ ರೊಟ್ಟಿಯ ಕಟ್ಟು, ಅದರ ಕೆಳಗೆ ಶೇಂಗಾ ಚಟ್ನಿ, ಎಲ್ಲಕ್ಕಿಂತ ಕೆಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ವೈಫೈ ರೂಟರ್! ಅದು ಅವರ ಮನೆಯದು. ಬೆಳಿಗ್ಗೆ ಅವರೊಂದಿಗೆ ಕಚೇರಿಗೆ ಬರುತ್ತದೆ, ಸಂಜೆ ಅವರೊಂದಿಗೆ ಮನೆಗೆ ಹೋಗುತ್ತದೆ, ಭಾನುವಾರ ರಜೆ. ಇಲ್ಲಿಗೆ ಬೇರೆಯದನ್ನು ಕೊಳ್ಳಬಾರದೇ ಎಂದರೆ, “ಹಗಲು ಮನೆಯಲ್ಲಿ ಅದಕ್ಕೆ ಏನು ಕೆಲಸವಪ್ಪಾ? ಸುಮ್ಮನೆ ದುಡ್ಡು ದಂಡ” ಎನ್ನುತ್ತಾರೆ. ಜೀವಮಾನವಿಡೀ ಲೆಕ್ಕ ಬರೆದವರ ಮುಂದೆ ಏನು ವಾದಿಸುವುದು?

ಡಬ್ಬಿಯ ಹಿಂದೆ ನಾಲ್ಕು ಹಳದಿ ತೂತು, ಒಂದು ನೀಲಿ ತೂತು. ಕಚೇರಿಯ ಕೇಬಲನ್ನು ನೀಲಿಗೆ ಸಿಕ್ಕಿಸಿದರೆ ಯಾರಿಗೂ ತೊಂದರೆಯಿಲ್ಲ. ಹಳದಿಗೆ ಸಿಕ್ಕಿಸಿದರೆ ಡಬ್ಬಿ ಇಡೀ ಕಚೇರಿಗೆ ತಾನೇ ವಿಳಾಸ ಹಂಚಲು ಕೂರುತ್ತದೆ. ಸರ್ವರ್ ಕೂಗಿದ ಕೂಡಲೇ ಅದಕ್ಕೂ ಒಂದು ವಿಳಾಸ ಕೊಡುತ್ತದೆ. ಬೂಟ್ ಕಡತದ ಸುದ್ದಿ ಮಾತ್ರ ಎತ್ತುವುದಿಲ್ಲ. ಪರದೆಯ ಮೇಲೆ ಇ-53 ಎಂಬ ದೋಷ ಮೂಡುತ್ತದೆ: ಬೂಟ್ ಕಡತದ ಹೆಸರು ಬರಲಿಲ್ಲ.

“ಯಜಮಾನರೇ, ದಯವಿಟ್ಟು ನೀಲಿಗೆ ಹಾಕಿ.”

“ನೀಲಿಯಲ್ಲಿ ಬರುವುದೇ ಇಲ್ಲವಪ್ಪಾ.”

ಅದೂ ನಿಜ. ನೀಲಿ ತೂತು ಅವರ ಮನೆಯ ಇಂಟರ್ನೆಟ್ಟಿನ ಹೆಸರು, ಗುಟ್ಟುಪದಕ್ಕೆ ಹೊಂದಿಕೊಂಡು ಕುಳಿತಿದೆ.

“ಹಾಗಾದರೆ ಹಳದಿಯಲ್ಲಿ ಬರುತ್ತದೆಯೇ?”

“ಒಮ್ಮೊಮ್ಮೆ ಬರುತ್ತದೆ.”

ಒಮ್ಮೊಮ್ಮೆ ಎಂದರೆ, ಅವರ ಮೊಬೈಲಿಗೆ ಡಬ್ಬಿಗಿಂತ ಮೊದಲು ನಮ್ಮ ಡಿಎಚ್‌ಸಿಪಿ ಉತ್ತರ ಕೊಟ್ಟಾಗ. ಅವರ ವೈಫೈ ನಡೆಯುವುದು ನನ್ನ ಕೃಪೆಯಿಂದ, ನನ್ನ ಸರ್ವರ್ ಬೀಳುವುದು ಅವರ ಕೃಪೆಯಿಂದ. ಇದನ್ನು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ. ಬಾಣಗಳನ್ನೆಲ್ಲ ಬೆರಳಿನಲ್ಲಿ ಹಿಂಬಾಲಿಸಿ, “ಚಿತ್ರ ಚೆನ್ನಾಗಿದೆ” ಎಂದರು.

ಒಂದು ಮಧ್ಯಾಹ್ನ ಕೇಬಲ್ ಕಿತ್ತೇಬಿಡುವುದೆಂದು ಹೋದೆ. ತಗಡಿನ ಚಾವಣಿಯ ಆ ಒಳಕೋಣೆಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಯಜಮಾನರು ರೊಟ್ಟಿ ಮುರಿಯುವುದನ್ನು ಬಿಟ್ಟು, ಮೊಬೈಲನ್ನು ಲೆಡ್ಜರಿಗೆ ಒರಗಿಸಿಕೊಂಡು ಕುಳಿತಿದ್ದರು. ಪುಣೆಯಿಂದ ಮೊಮ್ಮಗಳು. “ಅಜ್ಜಾ, ಇದು ನೋಡು” ಎಂದು ಬಿದ್ದ ಹಲ್ಲಿನ ಜಾಗ ತೋರಿಸುತ್ತಿದ್ದಳು. ಚಿತ್ರ ನಿಂತು ನಿಂತು ಬರುತ್ತಿತ್ತು; ನಿಂತಾಗಲೆಲ್ಲ ಇವರೂ ಉಸಿರು ಹಿಡಿದು ಕಾಯುತ್ತಿದ್ದರು. ನನ್ನ ಮಗಳು ಹಾಸ್ಟೆಲಿಗೆ ಹೋದ ಹೊಸದರಲ್ಲಿ ನಾನೂ ಹೀಗೆಯೇ ಮನೆಯ ಮಹಡಿ ಹತ್ತಿ ಸಿಗ್ನಲ್ ಹುಡುಕಿದ್ದೇನೆ. ಕೇಬಲಿನ ಮೇಲಿಟ್ಟ ಕೈ ಹಿಂದೆ ಬಂತು. ಅಂದು ಒಂದು ಸರ್ವರು ಎರಡು ಗಂಟೆಯವರೆಗೆ ಮಲಗಿಯೇ ಇತ್ತು, ಹಾಳಾಗಿ ಹೋಗಲಿ.

ಆದರೆ ಮರುಕ ಬೇರೆ, ಬೆಣ್ಣೆ ದೋಸೆ ಬೇರೆ. ಇವತ್ತು ತಟ್ಟೆ ಬಿಟ್ಟು ಓಡಿಬಂದವನೇ ಡಬ್ಬಿಯ ಕೇಬಲ್ ಕಿತ್ತು, ಸರ್ವರುಗಳನ್ನು ಎಬ್ಬಿಸಿ, ಕಚೇರಿಯ ಕೇಬಲುಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚನ್ನು ಹೊಸದಾಗಿ ಕೊಳ್ಳಲು ಬೇಡಿಕೆ ಬರೆದೆ. ಅಪ್ಪಣೆಯಿಲ್ಲದ ತೂತಿನಿಂದ ವಿಳಾಸ ಹಂಚುವ ಬಾಯಿಯನ್ನು ಅಲ್ಲಿಯೇ ಮುಚ್ಚಿಸುವ ಸ್ವಿಚ್ಚುಗಳಿವೆ. ಆ ಗುಣಕ್ಕೆ ಡಿಎಚ್‌ಸಿಪಿ ಸ್ನೂಪಿಂಗ್ ಎನ್ನುತ್ತಾರೆ. ನಮ್ಮ ಈಗಿನ ಅಗ್ಗದ ಸ್ವಿಚ್ಚಿಗೆ ಅದು ಇಲ್ಲ. ವ್ಯವಸ್ಥಾಪಕರು ಮಾತಿಲ್ಲದೆ ಸಹಿ ಹಾಕಿ, ಕಡತವನ್ನು ನಿಯಮದ ಪ್ರಕಾರ ಲೆಕ್ಕಪತ್ರ ವಿಭಾಗಕ್ಕೆ ಕಳಿಸಿದರು.

ಸಂಜೆಗೆ ವಾಪಸು ಬಂತು. ಅಂಚಿನಲ್ಲಿ ಯಜಮಾನರ ಮುತ್ತಿನಂತಹ ಅಕ್ಷರ: “ಈಗಿರುವ ಸ್ವಿಚ್ಚು ಸುಸ್ಥಿತಿಯಲ್ಲಿದೆ. ನೆಟ್‌ವರ್ಕಿಗೆ ತೊಂದರೆ ಕೊಡುತ್ತಿರುವವರು ಯಾರೆಂದು ಹೆಸರು ಸಮೇತ ತಿಳಿಸಿದಲ್ಲಿ ಸೂಕ್ತ ಕ್ರಮ ಕೈಗೊಳ್ಳಬಹುದು.”